ಎಣ್ಣೆ ಕುಡಿದ ಗೋಡೆಗೆ ಮುಲ್ತಾನಿ ಮಿಟ್ಟಿಯ ಪಟ್ಟು: ಬಳಸಿ ನೋಡಿದ ಮೇಲಿನ ವಿಮರ್ಶೆ

ದಕ್ಷಿಣ ಬೆಂಗಳೂರಿನಲ್ಲಿರುವ ನಮ್ಮ ಮನೆಯನ್ನು 1992ರಲ್ಲಿ ಕಟ್ಟಿಸಿದ್ದು. ನೆಲದಿಂದ ಮೂರಡಿ ಎತ್ತರದವರೆಗೆ ಅಳತೆಗೆ ಕೆತ್ತಿದ ಸೈಜುಗಲ್ಲು, ಅದರ ಮೇಲೆ ಗಿಲಾವು ಮಾಡದೆ ಹಾಗೆಯೇ ಬಿಟ್ಟ ವೈರ್‌ಕಟ್ (ಯಂತ್ರದಲ್ಲಿ ತಂತಿಯಿಂದ ಕತ್ತರಿಸಿ ಮಾಡಿದ) ಇಟ್ಟಿಗೆ, ಬಾಗಿಲ ಮುಂದೆ ಶಹಾಬಾದ್ ಕಲ್ಲಿನ ಮೂರು ಮೆಟ್ಟಿಲು. ವರ್ಷವರ್ಷವೂ ಬಣ್ಣ ಹೊಡೆಸುವ ತಾಪತ್ರಯ ಬೇಡವೆಂದು ತಂದೆಯವರು ಆರಿಸಿಕೊಂಡ ಈ ಮುಂಗೋಡೆ ಇಪ್ಪತ್ತೈದು ವರ್ಷ ಅವರ ಲೆಕ್ಕಾಚಾರವನ್ನು ಸುಳ್ಳು ಮಾಡಲಿಲ್ಲ. ಆಮೇಲೆ ಮುಂದಿನ ಕೋಣೆಯನ್ನು ಕುರುಕಲು ತಿಂಡಿಯ ಅಂಗಡಿಗೆ ಬಾಡಿಗೆಗೆ ಕೊಟ್ಟೆವು. ಬೆಳಗ್ಗೆ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಸಂಜೆ ಬಜ್ಜಿ, ಬೋಂಡ. ಬಾಣಲೆಯ ಹೊಗೆಯನ್ನು ಹೊರಗೆ ದಬ್ಬಲು ಇಟ್ಟಿಗೆ ಗೋಡೆಯಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದರು. ಆರು ವರ್ಷಗಳಲ್ಲಿ ಆ ಫ್ಯಾನಿನ ಸುತ್ತ, ಮುಖ್ಯವಾಗಿ ಅದರ ಕೆಳಗೆ, ಐದಡಿ ಉದ್ದ ನಾಲ್ಕಡಿ ಅಗಲದ ಜಾಗವು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಬೆರಳಿಗೆ ಅಂಟುವಷ್ಟು ಜಿಡ್ಡುಗಟ್ಟಿತ್ತು.

ಅದೊಂದೇ ಆಗಿದ್ದರೆ ಈ ಬರಹವನ್ನು ಅರ್ಧಕ್ಕೆ ಮುಗಿಸಬಹುದಿತ್ತು. ಅಂಗಡಿಯವರು ಕರೆಂಟು ಹೋದಾಗ ಹಾಕುವ ಜನರೇಟರನ್ನು ಗೋಡೆಗೆ ಒತ್ತಿ ಇಟ್ಟಿದ್ದರಿಂದ ಸೈಜುಗಲ್ಲಿನ ಮೇಲೆ ಇಂಜಿನ್ ಆಯಿಲ್ ಸಿಡಿದು ಕಪ್ಪು ಕಲೆಗಳಾಗಿದ್ದವು. ಬಾಗಿಲ ಪಕ್ಕದ ಇಟ್ಟಿಗೆ ಗೂಡಿನಲ್ಲಿ ನಾವೇ ಪ್ರತಿ ಕಾರ್ತಿಕದಲ್ಲಿ ಹಚ್ಚುತ್ತಿದ್ದ ಹಣತೆಗಳ ಎಳ್ಳೆಣ್ಣೆ ಇಳಿದು ಗೂಡಿನ ಕೆಳಗೆ ಉದ್ದನೆಯ ನಾಲಗೆಯಂತೆ ಚಾಚಿಕೊಂಡಿತ್ತು. ಹೀಗೆ ಒಂದೇ ಗೋಡೆಯಲ್ಲಿ ಮೂರು ಬಗೆಯ ಎಣ್ಣೆ, ಎರಡು ಬಗೆಯ ಕಲ್ಲುಕಟ್ಟಡ. ಇವನ್ನು ತೆಗೆಸಲು ಒಂದು ಶುಚಿಗೊಳಿಸುವ ಸಂಸ್ಥೆಯ ಸೇವೆಯನ್ನೂ, ಟೈಲ್ಸ್ ಅಂಗಡಿಯಲ್ಲಿ ಸಿಗುವ ಒಂದು ಡಬ್ಬಿಯ ದ್ರಾವಣವನ್ನೂ, ಕೊನೆಗೆ ಮುಲ್ತಾನಿ ಮಿಟ್ಟಿಯ ಪಟ್ಟನ್ನೂ, ಅಂದರೆ ಕಲೆಯ ಮೇಲೆ ದಪ್ಪವಾಗಿ ಮೆತ್ತುವ ಮಣ್ಣಿನ ಲೇಪವನ್ನೂ, ಬಳಸಿ ನೋಡಿದ್ದೇನೆ. ಮೊದಲೆರಡರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅವುಗಳ ತಪ್ಪು ಆ ಒಂದು ಸಂಸ್ಥೆಯದೋ ಆ ಒಂದು ಡಬ್ಬಿಯದೋ ಅಲ್ಲ, ಈ ಕೆಲಸವನ್ನು ನಮ್ಮಲ್ಲಿ ಬಹುಮಂದಿ ಹೀಗೆಯೇ ಮಾಡುತ್ತಾರೆ.

ವಿಮರ್ಶೆಗೆ ಮೊದಲು ಗೋಡೆಯ ವಿಷಯ ಸ್ವಲ್ಪ ಹೇಳಬೇಕು. ಸ್ಟೀಲ್ ಪಾತ್ರೆಯ ಮೇಲಿನ ಜಿಡ್ಡು ಪಾತ್ರೆಯ ಮೇಲೆಯೇ ಇರುತ್ತದೆ, ಇಟ್ಟಿಗೆಯ ಮೇಲೆ ಬಿದ್ದ ಎಣ್ಣೆ ಮೇಲೆ ನಿಲ್ಲುವುದಿಲ್ಲ. ಇಟ್ಟಿಗೆಯ ತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ. ಸಾಮಾನ್ಯ ದರ್ಜೆಯ ಸುಟ್ಟ ಇಟ್ಟಿಗೆಯು 24 ಗಂಟೆ ನೀರಿನಲ್ಲಿ ನೆನೆದಾಗ ತನ್ನ ತೂಕದ ಶೇಕಡ 20ರವರೆಗೆ ನೀರು ಹೀರಬಹುದೆಂದು ಭಾರತೀಯ ಮಾನಕವೇ ಮಿತಿ ಹಾಕಿದೆ. ನೀರು ಹೋಗುವ ದಾರಿಯಲ್ಲಿ ಎಣ್ಣೆಯೂ ಹೋಗುತ್ತದೆ, ನಿಧಾನವಾಗಿಯಾದರೂ ಹೋಗುತ್ತದೆ. ನೀರಾದರೆ ಬಿಸಿಲಿಗೆ ಆರಿ ಹೊರಬರುತ್ತದೆ, ಎಣ್ಣೆ ಒಳಗೇ ಉಳಿದು ದೂಳನ್ನೂ ಮಸಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಸೈಜುಗಲ್ಲು ಬಹಳ ದಟ್ಟವಾದ ಕಲ್ಲಾದ್ದರಿಂದ ಹೀರುವುದು ತೀರಾ ಕಡಿಮೆ, ಆದರೆ ಉಳಿಯಿಂದ ಒರಟಾಗಿ ಕೆತ್ತಿದ ಮುಖದ ಸೀಳುಗಳಲ್ಲಿ ಎಣ್ಣೆ ಕೂತುಬಿಡುತ್ತದೆ. ನಮ್ಮ ಗೋಡೆಯಲ್ಲಿ ಇವೆರಡಕ್ಕಿಂತ ಹೆಚ್ಚು ಕುಡಿದದ್ದು ಸಂದಿಗಳಿಗೆ ತುಂಬಿದ ಗಾರೆ. ಗೋಡೆ ಎಣ್ಣೆ ಕುಡಿದಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಹನಿ ನೀರು ಸಾಕು. ಚೊಕ್ಕ ಇಟ್ಟಿಗೆ ಹನಿಯನ್ನು ಕ್ಷಣದಲ್ಲಿ ಹೀರುತ್ತದೆ. ಎಣ್ಣೆ ಕುಡಿದ ಇಟ್ಟಿಗೆಯ ಮೇಲೆ ಹನಿಯು ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಾಗಿ ನಿಂತು ಕೆಳಗೆ ಉರುಳುತ್ತದೆ. ನಮ್ಮ ಗೋಡೆಯಲ್ಲಿ ಕಂದು ಕಾಣದ ಕಡೆಯಲ್ಲೂ, ಕಲೆಯ ಅಂಚಿನಿಂದ ಅರ್ಧ ಅಡಿ ಆಚೆಗೂ ಹನಿ ನಿಲ್ಲುತ್ತಿತ್ತು.

ಮೊದಲು ಬಂದವರು ಕಟ್ಟಡಗಳ ಹೊರಗೋಡೆ ತೊಳೆಯುವ ಸಂಸ್ಥೆಯವರು. ಇಬ್ಬರು ಹುಡುಗರು, ವಾಹನ ತೊಳೆಯುವ ಕಡೆ ಇರುವಂಥ ಒತ್ತಡದ ನೀರಿನ ಯಂತ್ರ, ಒಂದು ಕ್ಯಾನಿನಲ್ಲಿ ಹಸಿರು ಬಣ್ಣದ ಸೋಪಿನ ದ್ರವ. ಎಲ್ಲೂ ಒಂದು ಅಂಗೈಯಗಲ ಜಾಗದಲ್ಲಿ ಪರೀಕ್ಷೆ ಮಾಡಿ ನೋಡಲಿಲ್ಲ, ಯಾವ ಎಣ್ಣೆಯೆಂದು ಕೇಳಲಿಲ್ಲ. ಯಂತ್ರದ ಮುಳ್ಳು 100 ಬಾರ್ ದಾಟಿ ನಿಂತಿದ್ದನ್ನು ನಾನೇ ನೋಡಿದೆ. ಎಂದರೆ ಸುಮಾರು 1,450 ಪಿಎಸ್‌ಐ, ಚದರ ಇಂಚಿಗೆ ಅಷ್ಟು ಪೌಂಡ್ ಒತ್ತಡ. ಹಳೆಯ ಕಲ್ಲುಕಟ್ಟಡಗಳನ್ನು ತೊಳೆಯುವಾಗ 100 ಪಿಎಸ್‌ಐ ಅಥವಾ ಅದಕ್ಕಿಂತ ಕಡಿಮೆ ಒತ್ತಡದಿಂದ ಆರಂಭಿಸಬೇಕೆಂಬುದು ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯು ಪರಂಪರೆಯ ಕಟ್ಟಡಗಳಿಗಾಗಿ ಕೊಡುವ ಸಲಹೆ. ನಮ್ಮದು ಪರಂಪರೆಯ ಕಟ್ಟಡವೇನೂ ಅಲ್ಲ, ಆದರೆ ಗಾರೆಗೆ ಆ ವ್ಯತ್ಯಾಸ ಗೊತ್ತಿರುವುದಿಲ್ಲ. ಅರ್ಧ ಗಂಟೆಯಲ್ಲಿ ಮೇಲಿನ ಅಂಟುಜಿಡ್ಡು ಹೋಗಿ ಇಟ್ಟಿಗೆಯ ಕೆಂಪು ಕಾಣಿಸಿದಾಗ ನನಗೂ ಸಂತೋಷವಾಯಿತೆಂದು ಒಪ್ಪಿಕೊಳ್ಳಬೇಕು. ಎಂಟು ಸಾವಿರ ರೂಪಾಯಿ ಎಣಿಸಿ ಕೊಟ್ಟೆ.

ನಾಲ್ಕನೆಯ ದಿನ ಗೋಡೆ ಆರಿದಂತೆಲ್ಲ ಕಲೆ ಮತ್ತೆ ಮೂಡಿತು, ಈ ಬಾರಿ ಇನ್ನೂ ಅಗಲವಾಗಿ, ಅಂಚುಗಳು ಮಸುಕಾಗಿ. ನೀರು ತನ್ನ ಮುಂದೆ ಎಣ್ಣೆಯನ್ನು ನೂಕಿಕೊಂಡು ಒಳಗೂ ಪಕ್ಕಕ್ಕೂ ಹೋಗಿತ್ತು. ಸಂದಿಗಳ ಪಾಯಿಂಟಿಂಗ್, ಅಂದರೆ ಸಂದಿನ ಹೊರಮುಖಕ್ಕೆ ತುಂಬಿ ತೀಡಿದ ಗಾರೆ, ಹತ್ತು ಹನ್ನೆರಡು ಕಡೆ ಕಿತ್ತು ಬಂದಿತ್ತು. ಅಂಗಡಿಯ ಒಳಗೋಡೆಯಲ್ಲಿ ತೇವದ ಮಚ್ಚೆ ಕಾಣಿಸಿತು. ಮೂರು ವಾರ ಕಳೆದ ಮೇಲೆ ಇಟ್ಟಿಗೆಯ ಮೇಲೆ ಬಿಳಿ ಉಪ್ಪು ಹೂವಿನಂತೆ ಅರಳಿತು, ಗೋಡೆಯೊಳಗಿದ್ದ ಲವಣಗಳನ್ನೂ ಸೋಪಿನಲ್ಲಿದ್ದ ಕ್ಷಾರವನ್ನೂ ಆ ನೀರು ಕರಗಿಸಿಕೊಂಡು ಆರುವಾಗ ಹೊರಗೆ ತಂದಿಟ್ಟಿತ್ತು. ದೂರು ಹೇಳಿದಾಗ ಮತ್ತೆ ಬಂದ ಹುಡುಗನ ಕೈಯಲ್ಲಿ ಈ ಸಲ ಆಸಿಡ್ ಬಾಟಲಿ ಇತ್ತು. ತಡೆಯುವಷ್ಟರಲ್ಲಿ ಕೆಳಗಿನ ಮೆಟ್ಟಿಲ ಮೇಲೆ ಒಂದಿಷ್ಟು ಚೆಲ್ಲಿಯೇಬಿಟ್ಟ. ಶಹಾಬಾದ್ ಕಲ್ಲು ಸುಣ್ಣದ ಕಲ್ಲಿನ ಜಾತಿಯದು, ಆಸಿಡ್ ಬಿದ್ದೊಡನೆ ಸೋಡಾ ಬಾಟಲಿ ತೆರೆದಂತೆ ನೊರೆಯೆದ್ದು, ನಯವಾಗಿದ್ದ ಜಾಗ ಬೆಳ್ಳಗೆ ಒರಟಾಗಿ ಹೋಯಿತು. ಆ ಗುರುತು ಇಂದಿಗೂ ಇದೆ, ಕಲ್ಲನ್ನೇ ಉಜ್ಜಿ ಇಳಿಸದೆ ಅದು ಹೋಗುವುದಿಲ್ಲ. ಅಷ್ಟಕ್ಕೂ ಹೈಡ್ರೋಕ್ಲೋರಿಕ್ ಆಮ್ಲ ಎಣ್ಣೆಯನ್ನು ಕರಗಿಸುವುದೇ ಇಲ್ಲ. ಸಿಮೆಂಟಿನ ಕಲೆಯನ್ನೋ ಸುಣ್ಣದ ಕಲೆಯನ್ನೋ ತೆಗೆಯುವ ಪದಾರ್ಥವನ್ನು ಜಿಡ್ಡಿಗೆ ಹಾಕಿದರೆ ಸಂದಿನ ಗಾರೆ ಕರಗುತ್ತದೆ, ಜಿಡ್ಡು ಇದ್ದಲ್ಲೇ ಇರುತ್ತದೆ. ಇಟ್ಟಿಗೆಯಲ್ಲಿರುವ ಕಬ್ಬಿಣದ ಅಂಶ ಆಸಿಡ್‌ಗೆ ಸಿಕ್ಕಿ ಹಳದಿ ಕಲೆಯಾಗಿ ನಿಲ್ಲುವ ಅಪಾಯ ಬೇರೆ.

ಎರಡನೆಯ ಪ್ರಯತ್ನ ಟೈಲ್ಸ್ ಅಂಗಡಿಯವರು ಕೊಟ್ಟ, ಕಲ್ಲಿನ ಎಣ್ಣೆ ಕಲೆ ತೆಗೆಯುವುದೆಂದು ಬರೆದಿದ್ದ ಒಂದು ಲೀಟರ್ ಡಬ್ಬಿ. ಇದರ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ನೆಲಹಾಸಿನ ಮೇಲೆ ಸುರಿದು, ಹತ್ತು ನಿಮಿಷ ಬಿಟ್ಟು, ಒರೆಸುವುದಕ್ಕೆ ಮಾಡಿದ ತೆಳ್ಳನೆಯ ದ್ರವ ಅದು. ನಿಂತ ಗೋಡೆಯ ಮೇಲೆ ಹಚ್ಚಿದರೆ ಹತ್ತು ನಿಮಿಷ ನಿಲ್ಲುವುದಿರಲಿ, ಹತ್ತು ಸೆಕೆಂಡಿನಲ್ಲಿ ಕರಗಿದ ಜಿಡ್ಡನ್ನು ಹೊತ್ತು ಕೆಳಗಿಳಿದು ಸೈಜುಗಲ್ಲಿನ ಮೇಲೆ ಹೊಸ ಗೆರೆಗಳನ್ನು ಎಳೆಯಿತು. ಡಬ್ಬಿಯ ಮೇಲೆ ಒಳಗೇನಿದೆ ಎಂದೂ ಬರೆದಿರಲಿಲ್ಲ. ಪಾಲಿಶ್ ಮಾಡಿದ ಗ್ರಾನೈಟ್ ಕಟ್ಟೆಗೆ ಅದು ಒಳ್ಳೆಯದೇ ಇರಬಹುದು, ಮುಂಗೋಡೆಗೆ ಅಲ್ಲ.

ಮೂರನೆಯ ದಾರಿಯನ್ನು ತೋರಿಸಿದವರು ಕಿತ್ತುಹೋದ ಪಾಯಿಂಟಿಂಗ್ ಸರಿಮಾಡಲು ಕರೆಸಿದ ಗಾರೆ ಮೇಸ್ತ್ರಿ. ಗೋಡೆಯ ಮೇಲೆ ಬೆರಳಾಡಿಸಿ, ವಾಸನೆ ನೋಡಿ, "ಇದು ತೊಳೆದ್ರೆ ಹೋಗಲ್ಲ ಸಾರ್, ಎಳೀಬೇಕು. ಪಟ್ಟು ಹಾಕಿ," ಎಂದರು. ತಲೆನೋವಿಗೆ ಹಣೆಯ ಮೇಲೆ ಶುಂಠಿಯ ಪಟ್ಟು ಹಾಕುವುದನ್ನು ಕಂಡವರಿಗೆ ಆ ಮಾತನ್ನು ವಿವರಿಸಬೇಕಾಗಿಲ್ಲ. ಕಲ್ಲು ಸಂರಕ್ಷಣೆಯ ಪರಿಣತರು ಪೌಲ್ಟಿಸ್ ಎಂದು ಕರೆಯುವುದು ಇದನ್ನೇ. ಎಣ್ಣೆಯನ್ನು ಕರಗಿಸುವ ಒಂದು ದ್ರಾವಕವನ್ನು ನುಣುಪಾದ ಜೇಡಿಮಣ್ಣಿನಲ್ಲಿ ಕಲಸಿ ಕಲೆಯ ಮೇಲೆ ದಪ್ಪವಾಗಿ ಮೆತ್ತುತ್ತಾರೆ. ದ್ರಾವಕ ಗೋಡೆಯೊಳಗೆ ಇಳಿದು ಎಣ್ಣೆಯನ್ನು ಸಡಿಲಿಸುತ್ತದೆ. ಆಮೇಲೆ ಪಟ್ಟು ಹೊರಮುಖದಿಂದ ಆರುತ್ತ ಬಂದಂತೆ, ಒಳಗಿನ ದ್ರಾವಕ ಕರಗಿದ ಎಣ್ಣೆಯ ಸಮೇತ ಹೊರಗಿನ ಮಣ್ಣಿಗೆ ಸರಿಯುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವ ಗುಣವೇ ಇಲ್ಲಿಯೂ ಕೆಲಸ ಮಾಡುವುದು. ಮಣ್ಣಿನ ಕಣಗಳ ನಡುವಿನ ಸಂದು ಇಟ್ಟಿಗೆಯ ರಂಧ್ರಕ್ಕಿಂತ ಸಣ್ಣದಾಗಿರುವುದರಿಂದ ಎಳೆತ ಮಣ್ಣಿನ ಕಡೆಗೆ ಹೆಚ್ಚು. ನೀರಿನ ಯಂತ್ರ ಎಣ್ಣೆಯನ್ನು ಒಳಕ್ಕೆ ನೂಕಿದರೆ ಪಟ್ಟು ಅದನ್ನು ಹೊರಕ್ಕೆ ಕರೆಯುತ್ತದೆ.

ಮುಲ್ತಾನಿ ಮಿಟ್ಟಿ ಈ ಕೆಲಸಕ್ಕೆ ಹೊಸದೇನಲ್ಲ. ಇಂಗ್ಲಿಷಿನವರು ಇದರ ಜಾತಿಯ ಮಣ್ಣನ್ನು ಫುಲ್ಲರ್ಸ್ ಅರ್ತ್ ಎಂದು ಕರೆದದ್ದೇ ಉಣ್ಣೆ ಬಟ್ಟೆಯ ಜಿಡ್ಡು ತೆಗೆಯುವ ಕಸುಬಿನವರ ಮಣ್ಣೆಂಬ ಕಾರಣಕ್ಕೆ. ಆಗ್ರಾದ ತಾಜ್ ಮಹಲಿನ ಹಳದಿಗಟ್ಟಿದ ಅಮೃತಶಿಲೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1994ರಿಂದ ಹಲವು ಬಾರಿ ಈ ಮಣ್ಣಿನ ಲೇಪ ಹಾಕಿ ತೆಗೆದಿದೆ. ಅಲ್ಲಿನದು ಗಾಳಿಯಲ್ಲಿನ ಕೊಳೆ ಕೂತ ಕಲೆ, ನಮ್ಮದರಂತೆ ಬಜ್ಜಿಯ ಎಣ್ಣೆಯಲ್ಲ, ಆದ್ದರಿಂದ ಅಲ್ಲಿನ ವಿಧಾನವನ್ನು ಇಲ್ಲಿಗೆ ಹಾಗೆಯೇ ತರಲಾಗದು. ಮಣ್ಣಿನ ಗುಣ ಮಾತ್ರ ಅದೇ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಪೇಟೆಯಲ್ಲಿ ಮುಖಕ್ಕೆ ಹಚ್ಚುವ ಪೊಟ್ಟಣಗಳಲ್ಲಿ ಬರುವ ಮುಲ್ತಾನಿ ಮಿಟ್ಟಿಗೆ ಗುಲಾಬಿಯ ಸುವಾಸನೆ, ಅರಿಶಿನ, ಗಂಧದ ಪುಡಿ ಏನೇನೋ ಸೇರಿರುತ್ತದೆ. ಅರಿಶಿನ ಸೇರಿದ್ದನ್ನು ಗೋಡೆಗೆ ಹಾಕಿದರೆ ಎಣ್ಣೆ ಕಲೆಯ ಜೊತೆಗೆ ಅರಿಶಿನದ ಕಲೆಯನ್ನೂ ತೆಗೆಯಬೇಕಾದೀತು. ಗ್ರಂಥಿಗೆ ಅಂಗಡಿಯಲ್ಲಿ ಗಟ್ಟಿಯಾಗಿ, ಹೆಂಟೆಗಳಾಗಿ ಸಿಗುವುದನ್ನೇ ತಂದು ಕುಟ್ಟಿ ಜರಡಿ ಹಿಡಿಯಬೇಕು. ನನಗೆ ಸಗಟು ದರದಲ್ಲಿ ಕಿಲೋಗೆ 70 ರೂಪಾಯಿಯಂತೆ ದೊರೆಯಿತು. ಈ ಮಣ್ಣಿನ ಒಂದು ದೋಷವೆಂದರೆ ಅದರಲ್ಲಿರುವ ಕಬ್ಬಿಣದ ಅಂಶ. ಆಸಿಡ್ ಜೊತೆಗೆ ಇದನ್ನು ಎಂದಿಗೂ ಕಲಸಬಾರದು, ತಿಳಿ ಬಣ್ಣದ ಕಲ್ಲಿನ ಮೇಲೆ ಮೊದಲು ಮೂಲೆಯಲ್ಲಿ ಹಚ್ಚಿ ನೋಡದೆ ಹಾಕಬಾರದು. ಬಿಳಿಯ ಕಲ್ಲಿಗೆ ಕೆಯೋಲಿನ್ ಎಂಬ ಚೀನಾ ಜೇಡಿ ಹೆಚ್ಚು ಸುರಕ್ಷಿತ. ಸೀಮೆಸುಣ್ಣದ ಪುಡಿಯನ್ನೂ ಬಳಸುವವರಿದ್ದಾರೆ. ನಾನು ಒಂದು ಇಟ್ಟಿಗೆಯ ಮೇಲೆ ಹಾಕಿ ನೋಡಿದಾಗ ಅದು ಚೆನ್ನಾಗಿಯೇ ಹೀರಿತು, ಆದರೆ ಇಟ್ಟಿಗೆಯ ಒರಟು ಮುಖದಲ್ಲಿ ಸಿಕ್ಕಿಕೊಂಡ ಬಿಳಿಯನ್ನು ತೆಗೆಯಲು ಮತ್ತೊಂದು ದಿನ ಹೋಯಿತು.

ದ್ರಾವಕದ ವಿಷಯದಲ್ಲಿ ನಮ್ಮ ಜನ ಮಾಡುವ ಅವಾಂತರಗಳನ್ನು ಹೇಳದೆ ಮುಂದೆ ಹೋಗಲಾಗದು. ಅಂಗಡಿಯವರು ಮೊದಲು ಸೂಚಿಸಿದ್ದು ಪೆಟ್ರೋಲ್. ಅಡುಗೆ ಒಲೆ ಉರಿಯುವ ಅಂಗಡಿಯ ಗೋಡೆಗೆ ಪೆಟ್ರೋಲ್ ಬಳಿಯುವ ಯೋಚನೆಯನ್ನು ಅವರು ಎಷ್ಟು ಸಹಜವಾಗಿ ಹೇಳಿದರೆಂದರೆ ನನಗೆ ಒಂದು ನಿಮಿಷ ಮಾತೇ ಹೊರಡಲಿಲ್ಲ. ಸೀಮೆಎಣ್ಣೆ ಕರಗಿಸುತ್ತದೆ, ಆದರೆ ತಾನೇ ಎಣ್ಣೆಯಂತೆ ಬಹಳ ಹೊತ್ತು ಒಳಗುಳಿಯುತ್ತದೆ. ಬಣ್ಣದವರ ಥಿನ್ನರ್ ಬಹಳ ಬೇಗ ಆರುವುದರಿಂದ ಒಳಗಿಳಿಯಲು ಸಮಯವೇ ಸಿಗುವುದಿಲ್ಲ, ಅದರ ಆವಿಯೂ ಕೆಟ್ಟದ್ದು. ಪೈನ್ ಮರದಿಂದ ತೆಗೆದ ಟರ್ಪೆಂಟೈನ್ ಹಿಂದೆ ಹಳದಿ ಅಂಟನ್ನು ಉಳಿಸಬಹುದು. ಬಣ್ಣದ ಅಂಗಡಿಯಲ್ಲಿ ಮಿನರಲ್ ಟರ್ಪೆಂಟೈನ್ ಎಂದು ಕೇಳಿದರೆ ಸಿಗುವುದು ಇವೆಲ್ಲಕ್ಕಿಂತ ಮೇಲು: ನಿಧಾನವಾಗಿ ಆರುತ್ತದೆ, ಹಿಂದೆ ಏನನ್ನೂ ಬಿಡುವುದಿಲ್ಲ. ಆದರೂ ಅದು ಬೆಂಕಿ ಹಿಡಿಯುವ ಪದಾರ್ಥವೇ. ಅಂಗಡಿ ಮುಚ್ಚುವ ದಿನಗಳನ್ನೇ ನೋಡಿ, ಸಿಲಿಂಡರನ್ನು ಹೊರಗೆ ಸಾಗಿಸಿ, ಫ್ಯಾನಿನ ವೈರು ಬಿಚ್ಚಿಸಿ ಕೆಲಸಕ್ಕೆ ಕೈಹಾಕಿದೆವು.

ಮೊದಲ ಪಟ್ಟನ್ನು ಸುಲಭದ್ದರ ಮೇಲೆ, ಅಂದರೆ ಸೈಜುಗಲ್ಲಿನ ಇಂಜಿನ್ ಆಯಿಲ್ ಕಲೆಯ ಮೇಲೆ ಹಾಕಿದೆವು. ಗೋಡೆ ಪೂರ್ತಿ ಒಣಗಿರಬೇಕೆಂದು ಮಳೆ ನಿಂತ ಮೇಲೆ ನವೆಂಬರ್ ಕೊನೆಯವರೆಗೆ ಕಾದಿದ್ದೆವು, ಏಕೆಂದರೆ ರಂಧ್ರಗಳಲ್ಲಿ ನೀರು ಕುಳಿತಿದ್ದರೆ ಟರ್ಪೆಂಟೈನಿಗೆ ಒಳಗೆ ಜಾಗವಿರುವುದಿಲ್ಲ. ಮಣ್ಣಿಗೆ ಟರ್ಪೆಂಟೈನನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ವಡೆ ಹಿಟ್ಟಿನ ಹದಕ್ಕೆ ಕಲಸಬೇಕು. ಇಡ್ಲಿ ಹಿಟ್ಟಿನಂತಾದರೆ ಜಾರುತ್ತದೆ, ಚಪಾತಿ ಹಿಟ್ಟಿನಂತಾದರೆ ಗೋಡೆಯನ್ನು ಕಚ್ಚುವುದಿಲ್ಲ. ಒಂದು ಚದರ ಅಡಿಗೆ ಸುಮಾರು ಅರ್ಧ ಕಿಲೋ ಪುಡಿ ಬೇಕು. ದಪ್ಪ 6ರಿಂದ 12 ಮಿಲಿಮೀಟರ್, ಕಲೆಯ ಅಂಚು ದಾಟಿ ಎರಡು ಬೆರಳು ಆಚೆಗೂ ಹಚ್ಚಬೇಕು. ಒಳಗೆ ಗಾಳಿ ಉಳಿಯದಂತೆ ಒತ್ತಿ ಮೆತ್ತುವ ಮೇಸ್ತ್ರಿಯವರ ಕೈಚಳಕ ನನಗೆ ಬರಲಿಲ್ಲ. ಗಾಳಿ ನಿಂತ ಕಡೆ ಕಲೆ ಹಾಗೆಯೇ ಉಳಿಯುತ್ತದೆ, ನಾನು ಮೆತ್ತಿದ ಭಾಗದಲ್ಲಿ ಚಿರತೆಯ ಮೈಯಂತೆ ಚುಕ್ಕೆಗಳು ಉಳಿದದ್ದೇ ಅದಕ್ಕೆ ಸಾಕ್ಷಿ.

ಮೆತ್ತಿದ ಮೇಲೆ ಪಾಲಿಥೀನ್ ಹಾಳೆ ಹೊದಿಸಿ ಅಂಚುಗಳಿಗೆ ಟೇಪು ಅಂಟಿಸಿದೆವು. 24ರಿಂದ 48 ಗಂಟೆಯ ಕಾಲ ದ್ರಾವಕ ಆರದೆ ಒಳಗೆ ಕೆಲಸ ಮಾಡಲೆಂದು ಈ ಹೊದಿಕೆ. ನಮ್ಮ ಗೋಡೆ ಪೂರ್ವದ ಬಿಸಿಲಿಗೆ ಬೀಳುವುದರಿಂದ ಮೇಲೊಂದು ಗೋಣಿತಟ್ಟನ್ನೂ ಇಳಿಬಿಟ್ಟೆವು. ಹಾಳೆ ತೆಗೆದ ಮೇಲೆ ಪಟ್ಟು ತಾನಾಗಿಯೇ ಪೂರ್ತಿ ಒಣಗಿ ಬಿರುಕುಬಿಡುವವರೆಗೆ ಮುಟ್ಟಬಾರದು. ಬಹುಮಂದಿ ಎಡವುವುದು ಇಲ್ಲಿ. ಎಣ್ಣೆ ಹೊರಗೆ ಬರುವುದೇ ಈ ಒಣಗುವ ಹೊತ್ತಿನಲ್ಲಿ. ಹಸಿಯಿದ್ದಾಗಲೇ ಕೆರೆದರೆ ಕರಗಿದ ಎಣ್ಣೆಯ ಬಹುಪಾಲು ಗೋಡೆಗೇ ಮರಳುತ್ತದೆ. ಒಣಗಿದ್ದನ್ನು ಬಿದಿರಿನ ಚಕ್ಕೆಯಿಂದ ಕೆರೆದು, ತೆಂಗಿನ ನಾರಿನ ಬ್ರಷ್‌ನಿಂದ ಉಜ್ಜಿದೆವು. ಕಬ್ಬಿಣದ ತಂತಿಯ ಬ್ರಷ್ ಕಲ್ಲನ್ನು ಗೀರುವುದಲ್ಲದೆ ತನ್ನ ಚೂರುಗಳನ್ನು ಅಲ್ಲಿ ಬಿಟ್ಟು, ಮುಂದಿನ ಮಳೆಗೆ ತುಕ್ಕಿನ ಚುಕ್ಕೆ ಮೂಡಿಸುತ್ತದೆ. ಕೆರೆದ ಮಣ್ಣಿನ ಒಳಮೈ, ಗೋಡೆಗೆ ಅಂಟಿದ್ದ ಮೈ, ಮಾಸಲು ಕಪ್ಪಾಗಿತ್ತು. ಎರಡು ಪಟ್ಟಿನಲ್ಲಿ ಸೈಜುಗಲ್ಲು ಬಹುತೇಕ ಚೊಕ್ಕವಾಯಿತು. ಉಳಿಯ ಗೀರುಗಳ ಆಳದಲ್ಲಿ ಒಂದೆರಡು ಕಪ್ಪು ಗೆರೆ ಉಳಿದಿರಬಹುದು, ಹುಡುಕಿದರೆ ಮಾತ್ರ ಕಾಣುತ್ತವೆ.

ಫ್ಯಾನಿನ ಸುತ್ತಲಿನ ಜಿಡ್ಡು ಅಷ್ಟು ಸುಲಭವಾಗಿ ಮಣಿಯಲಿಲ್ಲ, ಅದರ ಕಾರಣ ನನಗೆ ಆಮೇಲೆ ಹೊಳೆಯಿತು. ಕರಿಯುವ ಎಣ್ಣೆ ಬಿಸಿಗೆ ಸಿಕ್ಕಿ, ಹನಿಹನಿಯಾಗಿ ಗೋಡೆಗೆ ಹತ್ತಿ, ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ, ವರ್ಷಗಳ ಕಾಲದಲ್ಲಿ ಎಣ್ಣೆಯಾಗಿ ಉಳಿದಿರುವುದಿಲ್ಲ. ಅದರ ಕಣಗಳು ಒಂದಕ್ಕೊಂದು ಹೆಣೆದುಕೊಂಡು ವಾರ್ನಿಶಿನಂಥ ಪೊರೆಯಾಗಿರುತ್ತವೆ. ಹಳೆಯ ಬಾಣಲೆಯ ಹೊರಮೈಯ ಕಂದು ಕರೆ ಯಾವ ಪಾತ್ರೆಯ ಸೋಪಿಗೂ ಹೋಗದಿರುವುದು ಇದೇ ಕಾರಣಕ್ಕೆ. ಇಂಥ ಪೊರೆಯನ್ನು ಟರ್ಪೆಂಟೈನ್ ಮೆತ್ತಗಾಗಿಸುತ್ತದೆ, ಕರಗಿಸಲಾರದು. ಕ್ಷಾರ ಮಾತ್ರ ಅದನ್ನು ಒಡೆಯಬಲ್ಲದು, ಸಸ್ಯದ ಎಣ್ಣೆಯ ಒಂದಿಷ್ಟು ಭಾಗವನ್ನು ಸೋಪನ್ನಾಗಿಯೇ ಬದಲಾಯಿಸುತ್ತದೆ. ಇಂಜಿನ್ ಆಯಿಲ್‌ನಂಥ ಖನಿಜ ಎಣ್ಣೆಗೆ ಈ ಗುಣವಿಲ್ಲ, ಕ್ಷಾರದಿಂದ ಅದು ಸೋಪಾಗುವುದಿಲ್ಲ. ಆದ್ದರಿಂದಲೇ ಯಾವ ಎಣ್ಣೆಯೆಂದು ಕೇಳದೆ ಕೆಲಸ ಶುರುಮಾಡುವವರನ್ನು ನಾನು ಇನ್ನು ನಂಬುವುದಿಲ್ಲ.

ಹೀಗಾಗಿ ಅಲ್ಲಿ ವಾಷಿಂಗ್ ಸೋಡಾದಿಂದ ಮೊದಲುಮಾಡಿದೆವು. ಬಿದಿರಿನ ಚಕ್ಕೆಯಿಂದ ಮೇಲಿನ ಅಂಟನ್ನು ಕೆರೆದು, ಬಿಸಿನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡಾಕ್ಕೆ ಬಣ್ಣವಿಲ್ಲದ ಪಾತ್ರೆ ತೊಳೆಯುವ ದ್ರವವನ್ನು ಸೇರಿಸಿ, ಮುಲ್ತಾನಿ ಮಿಟ್ಟಿಯಲ್ಲಿ ಕಲಸಿ ಪಟ್ಟು ಹಾಕಿದೆವು. ಕಾಸ್ಟಿಕ್ ಸೋಡಾ ಇನ್ನೂ ಚುರುಕಾಗಿ ಕೆಲಸ ಮಾಡೀತು, ಆದರೆ ಅದು ಕೈಯನ್ನೂ ಸುಡುತ್ತದೆ, ಗೋಡೆಯಲ್ಲಿ ಉಳಿದರೆ ಮತ್ತೆ ಬಿಳಿ ಉಪ್ಪಿನ ಕಾಟ. ವಾಷಿಂಗ್ ಸೋಡಾವನ್ನೂ ಪೂರ್ತಿ ತೊಳೆಯದಿದ್ದರೆ ಅದೇ ಗತಿ. ತೊಳೆದದ್ದು ಸಾಕೋ ಎಂದು ತಿಳಿಯಲು ನಮ್ಮ ಮನೆಯಾಕೆ ಹೇಳಿಕೊಟ್ಟ ಉಪಾಯ ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು. ಆರತಿಯ ನೀರಿಗೆ ಅರಿಶಿನದ ಜೊತೆ ಸುಣ್ಣ ಹಾಕಿದೊಡನೆ ಕೆಂಪಾಗುತ್ತದಲ್ಲವೆ, ಅದೇ ಗುಣ. ಗೋಡೆಯಿಂದ ಇಳಿದ ನೀರನ್ನು ಒಂದು ಬಿಳಿ ಬಟ್ಟಲಿನಲ್ಲಿ ಹಿಡಿದು ಚಿಟಿಕೆ ಅರಿಶಿನ ಹಾಕಿದರೆ, ಕ್ಷಾರ ಉಳಿದಿದ್ದರೆ ಕೆಂಪಿಗೆ ತಿರುಗುತ್ತದೆ, ಇಲ್ಲದಿದ್ದರೆ ಹಳದಿಯಾಗಿಯೇ ಇರುತ್ತದೆ. ಗೋಡೆಗೆ ಅರಿಶಿನ ತಾಗಿಸಬಾರದು, ಬಟ್ಟಲಿನಲ್ಲಿಯೇ ನೋಡಬೇಕು. ಐದನೆಯ ಬಾರಿ ತೊಳೆದ ಮೇಲೆ ನೀರು ಹಳದಿಯಾಗಿ ಉಳಿಯಿತು. ತೊಳೆಯುವುದಕ್ಕೆ ಬಳಸಿದ್ದು ತೋಟದ ಪೈಪು, ನಾರಿನ ಬ್ರಷ್ ಅಷ್ಟೆ.

ಅದು ಹತ್ತು ದಿನ ಒಣಗಿದ ಮೇಲೆ ಟರ್ಪೆಂಟೈನಿನ ಪಟ್ಟು ಎರಡು ಬಾರಿ, ನಡುವೆ ಮತ್ತೊಂದು ಸೋಡಾ ಪಟ್ಟು. ಒಟ್ಟು ನಾಲ್ಕು. ಮೊದಲ ಟರ್ಪೆಂಟೈನ್ ಪಟ್ಟು ಒಣಗಿದಾಗ ಅದರ ಹೊರಮೈಯಲ್ಲೂ ಜೇನಿನ ಬಣ್ಣದ ವೃತ್ತಗಳು ಮೂಡಿದ್ದವು, ಎಣ್ಣೆ ಅರ್ಧ ಇಂಚು ಮಣ್ಣನ್ನು ದಾಟಿ ಹೊರಗೆ ಇಣುಕಿತ್ತು. ಇಷ್ಟಾದರೂ ಗೋಡೆ ಮೊದಲಿನಂತಾಯಿತೆಂದು ಹೇಳಲಾರೆ. ಹತ್ತರಲ್ಲಿ ಎಂಟು ಪಾಲು ತಿಳಿಯಾಯಿತೆಂದು ಕಣ್ಣಂದಾಜು. ಫ್ಯಾನಿನ ತೀರಾ ಕೆಳಗಿನ ಎರಡು ಸಾಲು ಇಟ್ಟಿಗೆಗಳಲ್ಲಿ ನೆರಳಿನಂಥ ಕಂದು ಉಳಿದಿದೆ. ಸಂದಿನ ಹಳೆಯ ಗಾರೆ ಇಟ್ಟಿಗೆಗಿಂತ ಹೆಚ್ಚು ಕುಡಿದದ್ದರಿಂದ ಅದರ ಬಣ್ಣ ಸರಿಹೋಗಲೇ ಇಲ್ಲ. ಮೇಸ್ತ್ರಿಯವರು ಅಲ್ಲಿ ಮುಕ್ಕಾಲು ಇಂಚು ಆಳ ಕೆತ್ತಿ ಹೊಸದಾಗಿ ಪಾಯಿಂಟಿಂಗ್ ಮಾಡಿದರು. ನೀರಿನ ಯಂತ್ರ ಎಣ್ಣೆಯನ್ನು ಒಳಗೆ ನೂಕದೆ ಇದ್ದಿದ್ದರೆ ಒಂದು ಪಟ್ಟು ಕಡಿಮೆ ಸಾಕಾಗುತ್ತಿತ್ತೆಂಬುದು ಅವರ ಅಭಿಪ್ರಾಯ, ನನಗೂ ಹಾಗೆಯೇ ತೋರುತ್ತದೆ.

ಹಣತೆಯ ಗೂಡಿನ ಎಳ್ಳೆಣ್ಣೆಗೆ ಎರಡೇ ಪಟ್ಟು ಸಾಕಾಯಿತು. ಈಗ ಹಣತೆಯ ಕೆಳಗೆ ಹಿತ್ತಾಳೆಯ ತಟ್ಟೆ ಇಡುತ್ತೇವೆ.

ಖರ್ಚಿನ ಲೆಕ್ಕ: ಫ್ಯಾನಿನ ಸುತ್ತಲಿನ 20 ಚದರ ಅಡಿಗೆ ಒಂದು ಪಟ್ಟಿಗೆ 10 ಕಿಲೋ ಮಣ್ಣು, ನಾಲ್ಕು ಪಟ್ಟಿಗೆ 40 ಕಿಲೋ, ಅಂದರೆ 2,800 ರೂಪಾಯಿ. ಉಳಿದೆರಡು ಕಲೆಗಳಿಗೆ ಮತ್ತೆ 6 ಕಿಲೋ. ಟರ್ಪೆಂಟೈನ್ ಎಲ್ಲ ಸೇರಿ 15 ಲೀಟರ್ ಹಿಡಿಯಿತು, 2,300 ರೂಪಾಯಿ ಚಿಲ್ಲರೆ. ಮೇಸ್ತ್ರಿ ಮತ್ತು ಒಬ್ಬ ಸಹಾಯಕರ ಆರು ದಿನದ ಕೂಲಿ ಇವೆರಡನ್ನೂ ಮೀರಿಸಿತು. ಒಟ್ಟಿನಲ್ಲಿ ನೀರಿನ ಯಂತ್ರದವರಿಗೆ ಕೊಟ್ಟದ್ದರ ಎರಡೂವರೆ ಪಟ್ಟು. ಅಗ್ಗವೆಂದು ಈ ದಾರಿಯನ್ನು ಹಿಡಿಯುವವರು ನಿರಾಶರಾಗುತ್ತಾರೆ. ಮಣ್ಣು ಅಗ್ಗ, ಕಾಯುವುದು ದುಬಾರಿ: ಆರಂಭದಿಂದ ಕೊನೆಯವರೆಗೆ ಏಳು ವಾರ ಹಿಡಿಯಿತು, ಅಷ್ಟು ಕಾಲ ಮುಂಗೋಡೆ ಮಣ್ಣು ಮೆತ್ತಿಕೊಂಡು ಗೋಣಿ ಹೊದ್ದು ನಿಂತಿತ್ತು. ಅಂಗಡಿಗೆ ಬಂದವರೆಲ್ಲ ಏನಾಯಿತೆಂದು ಕೇಳಿ ಹೋಗುತ್ತಿದ್ದರು.

ಬಳಸಿದ ಮಣ್ಣನ್ನು ಮತ್ತೆ ಕಲಸಿ ಹಾಕುವ ಆಸೆ ಬೇಡ, ಅದರಲ್ಲಿರುವ ಎಣ್ಣೆ ಗೋಡೆಗೇ ಹಿಂದಿರುಗುತ್ತದೆ. ಚರಂಡಿಗೂ ಗಿಡದ ಬುಡಕ್ಕೂ ಹಾಕುವಂತಿಲ್ಲ. ಬಯಲಿನಲ್ಲಿ ಹರಡಿ ಟರ್ಪೆಂಟೈನಿನ ವಾಸನೆ ಪೂರ್ತಿ ಹೋದ ಮೇಲೆ ಚೀಲಕ್ಕೆ ತುಂಬಿ, ಮನೆಯ ಅಪಾಯಕಾರಿ ಕಸವೆಂದು ಬೇರೆಯಾಗಿಯೇ ಕೊಟ್ಟೆವು. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಒಣಗುವ ಗುಣದ ಎಣ್ಣೆ ಹಿಡಿದ ಬಟ್ಟೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು, ಬಿಡಿಸಿ ಹರವಿ ಒಣಗಿಸಬೇಕು.

ಕೆಲಸ ಮುಗಿದ ಸುದ್ದಿ ಹೇಗೆ ತಿಳಿಯಿತೋ, ಮೊದಲ ಸಂಸ್ಥೆಯವರು ಫೋನ್ ಮಾಡಿ ಇನ್ನು ಕಲೆಯೇ ಹಿಡಿಯದಂತೆ ಪಾರದರ್ಶಕ ಲೇಪ ಹೊಡೆಯುವುದಾಗಿ ಹೇಳಿದರು. ಮೇಲೆ ಹೊಳಪಿನ ಪೊರೆ ಕಟ್ಟುವ ಲೇಪ ಇಟ್ಟಿಗೆಯ ಉಸಿರು ಕಟ್ಟುತ್ತದೆ. ಒಳಗಿನ ತೇವ ಹೊರಬರಲಾರದೆ, ಉಪ್ಪು ಪೊರೆಯ ಹಿಂದೆಯೇ ಹರಳುಗಟ್ಟಿ ಇಟ್ಟಿಗೆಯ ಮುಖವನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಪೊರೆ ಕಟ್ಟದೆ ಒಳಗಿಳಿಯುವ ಸೈಲೇನ್ ಜಾತಿಯ ಲೇಪಗಳು ಆವಿಯನ್ನು ಹೊರಬಿಡುತ್ತವೆ, ಆದರೆ ಅವು ತಡೆಯುವುದು ನೀರನ್ನು, ಎಣ್ಣೆಯನ್ನು ಅಷ್ಟಾಗಿ ಅಲ್ಲ. ಒಂದು ಮಳೆಗಾಲ ಕಳೆದು ಬಿಳಿ ಉಪ್ಪು ಮತ್ತೆ ಬರುವುದಿಲ್ಲವೆಂದು ಖಚಿತವಾಗುವವರೆಗೆ ಯಾವ ಲೇಪವೂ ಬೇಡವೆಂದು ಹೇಳಿ ಫೋನ್ ಇಟ್ಟೆ.

ಹಾಗಾದರೆ ಯಾರನ್ನು ಕರೆಯಬೇಕು? ಪಾಲಿಶ್ ಮಾಡಿದ ಗ್ರಾನೈಟ್, ಟೈಲ್ಸ್, ಗಾಜಿನ ಮುಂಗೋಡೆಯಾದರೆ ತೊಳೆಯುವ ಸಂಸ್ಥೆಯವರೇ ಸಾಕು, ಅಲ್ಲಿ ಎಣ್ಣೆ ಮೇಲೆಯೇ ಇರುತ್ತದೆ. ಬರಿ ಇಟ್ಟಿಗೆ, ಸೈಜುಗಲ್ಲು, ಕರಾವಳಿಯ ಮುರಕಲ್ಲು, ಬಾದಾಮಿಯ ಕಡೆಯ ಮರಳುಗಲ್ಲು ಇಂಥವಕ್ಕೆ ನನ್ನ ಮತ ಪಟ್ಟಿಗೆ. ಮುರಕಲ್ಲಿನ ರಂಧ್ರಗಳು ಬೆರಳು ತೂರುವಷ್ಟು ದೊಡ್ಡವಾದ್ದರಿಂದ ಅಲ್ಲಿ ಮಣ್ಣು ಒಳಗೆ ಸಿಕ್ಕಿಕೊಳ್ಳುತ್ತದೆ, ನಡುವೆ ತೆಳ್ಳನೆಯ ಹತ್ತಿ ಬಟ್ಟೆಯನ್ನು ಒದ್ದೆಮಾಡಿ ಅಂಟಿಸಿ ಅದರ ಮೇಲೆ ಮೆತ್ತುವುದು ಲೇಸು. ಹಳೆಯ ಸುಣ್ಣದ ಗಾರೆಯ ಕಟ್ಟಡವಾದರೆ, ಅದರಲ್ಲೂ ಕೆತ್ತನೆಯ ಕಲ್ಲಿದ್ದರೆ, ನನ್ನಂಥವನ ಬರಹ ಓದಿಕೊಂಡು ಹೊರಡುವುದು ಬೇಡ. ಸಂರಕ್ಷಣೆ ಬಲ್ಲವರನ್ನೇ ಕರೆಸಬೇಕು. ಯಾರನ್ನೇ ಕರೆಸಿದರೂ ಅವರು ಕಾಣದ ಮೂಲೆಯಲ್ಲಿ ಅಂಗೈಯಗಲ ಪರೀಕ್ಷೆ ಮಾಡಿ, ಅದು ಒಣಗುವವರೆಗೆ ಒಂದು ವಾರ ಕಾಯಲು ಒಪ್ಪುತ್ತಾರೋ ಎಂದು ಮೊದಲೇ ಕೇಳಿ ನೋಡಿ. ಒದ್ದೆ ಗೋಡೆಯ ಮೇಲೆ ಎಲ್ಲ ವಿಧಾನಗಳೂ ಚೆನ್ನಾಗಿಯೇ ಕಾಣುತ್ತವೆ.

ಪಟ್ಟು ಹಾಕುವ ಮೊದಲೇ ಅಂಗಡಿಯವರು ಬಾಣಲೆಯ ಮೇಲೆ ಚಿಮಣಿ ಕೂರಿಸಿ, ತಗಡಿನ ಕೊಳವೆಯನ್ನು ತಾರಸಿಯ ಮೇಲಕ್ಕೆ ಒಯ್ದಿದ್ದರು. ಹಳೆಯ ಫ್ಯಾನಿನ ಕಿಂಡಿಯನ್ನು ಅದೇ ಬಣ್ಣದ ಇಟ್ಟಿಗೆಯಿಂದ ಮುಚ್ಚಿದೆವು. ಈ ಮಳೆಗಾಲದ ಮೊದಲ ಮಳೆ ಬಿದ್ದ ಸಂಜೆ ನಾನೂ ಮೇಸ್ತ್ರಿಯವರೂ ಎದುರಿನ ಕಾಲುದಾರಿಯಲ್ಲಿ ನಿಂತು ನೋಡಿದೆವು. ಇಡೀ ಗೋಡೆ ನೀರು ಕುಡಿದು ಒಂದೇ ಸಮನಾಗಿ ಕೆಂಪೇರಿತ್ತು. ಆ ಎರಡು ಸಾಲು ಮಾತ್ರ ನೀರನ್ನು ಒಲ್ಲೆನೆಂದು ತಿಳಿಯಾಗಿಯೇ ಉಳಿದಿದ್ದವು. "ನವೆಂಬರ್‌ಗೆ ಇನ್ನೊಂದು ಪಟ್ಟು," ಎಂದರು ಮೇಸ್ತ್ರಿ. ಐದು ಕಿಲೋ ಮಣ್ಣು ತಂದು ಮೆಟ್ಟಿಲ ಕೆಳಗೆ ಡಬ್ಬಿಯಲ್ಲಿ ತುಂಬಿಟ್ಟಿದ್ದೇನೆ.